ಗರಿ ಕಟ್ಟಿದ ಗಾಳ

ಸೋಮವಾರ ನಮ್ಮ ಮನೆಯಲ್ಲಿ ಯಾರೂ ಮೀನು ಮುಟ್ಟುವಂತಿರಲಿಲ್ಲ. ಹಾಗಾಗಿ ಅಪ್ಪ ಅವತ್ತು ಹಿನ್ನೀರಿನ ಕಡೆ ಹೋಗದೆ, ಡ್ಯೂಟಿ ಮುಗಿಸಿ ನೇರ ಮನೆಗೆ ಬರುತ್ತಿದ್ದ. ಬಂದವನು ಕಾಫಿ ಕುಡಿದು, ಲುಂಗಿ ಎತ್ತಿ ಕಟ್ಟಿ, ನಡುಮನೆಯ ಪಕ್ಕದ ಕಾಳಿನ ಕೋಣೆಗೆ ಹೋಗಿ, "ಪುಟ್ಟಿ, ಬಾರೇ" ಎಂದು ನನ್ನ ತಂಗಿಯನ್ನು ಕರೆಯುತ್ತಿದ್ದ. ಅವಳು ಹೋಗುತ್ತಿದ್ದಳು, ಹಿಂದೆಯೇ ಬಾಗಿಲು ಎಳೆದುಕೊಳ್ಳುತ್ತಿದ್ದಳು. ಅದು ಗಾಳಿಗೆ ಹೆದರಿ. ಎರಡು ಗುಡ್ಡದ ನಡುವೆ ಅಣೆಕಟ್ಟೆ, ಅದರ ಕೆಳಗೆ ನಮ್ಮ ಕ್ವಾರ್ಟರ್ಸು. ಮಾರಿಕಣಿವೆಯ ಗಾಳಿ ಮನೆಯ ಒಂದು ಬಾಗಿಲಲ್ಲಿ ನುಗ್ಗಿ ಇನ್ನೊಂದರಲ್ಲಿ ಹೊರಡುತ್ತಿತ್ತು. ಕೋಣೆಯೊಳಗೆ ಅವರಿಬ್ಬರೂ ಮಣೆಯ ಮೇಲೆ ಹುಂಜದ ಗರಿಗಳನ್ನು ಉದ್ದಗಿಡ್ಡ ನೋಡಿ, ಬಣ್ಣ ನೋಡಿ ಹರಡಿಕೊಂಡು ಕೂತಿರುತ್ತಿದ್ದರು. ಯಾರಾದರೂ ಬಾಗಿಲು ತೆಗೆದರೆ ಅಷ್ಟೂ ಕೆಲಸ ರಾಗಿ ಮೂಟೆಗಳ ಹಿಂದೆ ಹಾರಿಹೋಗುತ್ತಿತ್ತು. ರಜೆಗೆ ಬಂದಾಗಲೆಲ್ಲ ನಾನು ಆ ಬಾಗಿಲು ತೆಗೆಯುತ್ತಿದ್ದೆ. ನೀರು ಬೇಕಾ, ಅವ್ವ ಕರೀತಿದಾಳೆ, ಯಾರೋ ಬಂದಂಗಿತ್ತು; ನೆಪಕ್ಕೇನು ಬರ. ಇಬ್ಬರೂ ತಲೆ ಎತ್ತದೆ, ಒಂದೇ ದನಿಯಲ್ಲಿ ಹೇಳುತ್ತಿದ್ದರು.

"ಬಾಗ್ಲು."

ಬೈಗುಳವಲ್ಲ, ಸಿಟ್ಟೂ ಅಲ್ಲ. ಒಂದೇ ದನಿ ಎನ್ನುವುದಷ್ಟೇ ನನಗೆ ಚುಚ್ಚುತ್ತಿದ್ದದ್ದು.

ಎಪ್ಪತ್ತು ದಾಟಿದ ಹೆಂಗಸು ಹೀಗೆಲ್ಲ ಬರೆಯಬಾರದು, ಗೊತ್ತು. ಜೆಲಸಿ ಎಂಬುದು ಸಣ್ಣ ಮನಸ್ಸಿನವರ ಕಾಯಿಲೆ ಎಂದು ಕಾನ್ವೆಂಟಿನಲ್ಲಿ ನಮಗೆ ಹೇಳಿಕೊಟ್ಟಿದ್ದರು. ನನ್ನದು ದೊಡ್ಡ ಮನಸ್ಸು ಎಂದು ನಾನು ಯಾವತ್ತೂ ಕ್ಲೇಮ್ ಮಾಡಿದವಳಲ್ಲ. ಮುಂದೆ ನಾನೂ ಟೀಚರಾದೆ, ಸಂಸಾರ ಮಾಡಿದೆ. ಸ್ಟಾಫ್ ರೂಮಿನಲ್ಲಿ ಕಿಟಕಿ ಪಕ್ಕದ ಕುರ್ಚಿ ಸಿಕ್ಕವಳ ಮೇಲೆ, ಓರಗಿತ್ತಿಯ ಉದ್ದ ಜಡೆಯ ಮೇಲೆ, ಪಕ್ಕದ ಮನೆಯ ಮಲ್ಲಿಗೆ ಬಳ್ಳಿಯ ಮೇಲೆ ಕೂಡ ಹೊಟ್ಟೆ ಉರಿದುಕೊಂಡಿದ್ದೇನೆ. ಅವೆಲ್ಲ ಕಲಿತದ್ದು ಮರೆತುಹೋಗದಿರಲಿ ಎಂದು ಮಾಡಿದ ಅಭ್ಯಾಸ. ವಿದ್ಯೆ ಕಲಿತದ್ದು ಆ ಕಾಳಿನ ಕೋಣೆಯ ಹೊಸ್ತಿಲಲ್ಲಿ.

ನಮ್ಮಿಬ್ಬರನ್ನೂ ಒಟ್ಟಿಗೇ ಚಿತ್ರದುರ್ಗದ ಕಾನ್ವೆಂಟಿಗೆ ಕಳಿಸಿದ್ದರು, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಅದು ಅವ್ವನ ಹಟ. ಹೆಣ್ಣುಮಕ್ಕಳು ತೂಬಿನ ಬಾಗಿಲು ತಿರುಗಿಸುವವನ ಮಕ್ಕಳಾಗಿಯೇ ಉಳಿಯಬಾರದು ಎಂದು ಅವಳ ತಲೆಗೆ ಹೊಕ್ಕಿತ್ತು. ಹಾಸ್ಟೆಲಿನ ಕಬ್ಬಿಣದ ಮಂಚ, ಬೆಳಿಗ್ಗೆ ಒಣ ಬ್ರೆಡ್ಡು, ಎಲ್ಲದಕ್ಕೂ ಒಂದು ಬೆಲ್ಲು. ಪುಟ್ಟಿ ಮೊದಲ ದಿನ ಅತ್ತಳು, ಮಾರನೇ ದಿನ ಅತ್ತಳು, ಊಟ ಬಿಟ್ಟಳು, ಚಾಪೆಲ್‌ನಲ್ಲಿ ವಾಂತಿ ಮಾಡಿದಳು. ವಾರ ತುಂಬುವುದರೊಳಗೆ ಅಪ್ಪ ಬಂದು ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಹೊರಟ. ನಾನು ಅಳಲಿಲ್ಲ. ನನ್ನ ಪಕ್ಕ ನಿಂತಿದ್ದ ಸಿಸ್ಟರ್ ತಲೆ ಸವರಿ ಬ್ರೇವ್ ಗರ್ಲ್ ಎಂದರು. ಅಪ್ಪ ಗೇಟಿನ ಹತ್ತಿರ ಒಂದು ಸಲ ತಿರುಗಿ ನೋಡಿದ.

"ನೀನು ಗಟ್ಟಿ ಕಣಮ್ಮ. ನಿಂಗೇನೂ ಆಗಲ್ಲ."

ಗಟ್ಟಿಯಾಗಿದ್ದವಳಿಗೆ ಹಾಸ್ಟೆಲು ಸಿಕ್ಕಿತು, ಅತ್ತವಳಿಗೆ ಅಪ್ಪ ಸಿಕ್ಕಿದ. ಆ ಸಾಯಂಕಾಲ ಬಚ್ಚಲುಮನೆಗೆ ಹೋಗಿ ನಾನೂ ಅಳಲು ನೋಡಿದೆ, ಬಂತು ಕೂಡ. ಆದರೆ ಹಿರಿಯೂರಿನ ಬಸ್ಸು ಆಗಲೇ ಹೋಗಿಯಾಗಿತ್ತು.

ಪುಟ್ಟಿ ಹಿರಿಯೂರಿನ ಸರ್ಕಾರಿ ಸ್ಕೂಲಿಗೆ ಸೇರಿದಳು, ಮನೆಯಲ್ಲೇ ಉಳಿದಳು. ನಾನು ದಸರಾಕ್ಕೆ, ಕ್ರಿಸ್‌ಮಸ್‌ಗೆ, ಬೇಸಿಗೆಗೆ ಬರುವ ನೆಂಟಳಾದೆ. ಇದು ಮಾತಿಗೆ ಹೇಳುವುದಲ್ಲ. ನಮ್ಮ ಮನೆಯಲ್ಲಿ ನೆಂಟರಿಗೆಂದು ಒಂದು ಹೂವಿನ ಚಿತ್ರದ ಪಿಂಗಾಣಿ ತಟ್ಟೆ ಇತ್ತು, ಅಟ್ಟದ ಮೇಲೆ ಬಟ್ಟೆ ಸುತ್ತಿ ಇಟ್ಟಿರುತ್ತಿದ್ದರು. ನಾನು ಬಂದ ದಿನ ಅಜ್ಜಿ ಅವ್ವನಿಗೆ ಹೇಳುತ್ತಿದ್ದಳು.

"ಲೇ, ದೊಡ್ಡೋಳು ಬಂದವ್ಳೆ, ಹೂವಿನ ತಟ್ಟೆ ಇಳ್ಸೇ."

ಎಲ್ಲರಿಗೂ ಅದು ಮರ್ಯಾದೆ. ನನಗೆ ಮಾತ್ರ ಪುಟ್ಟಿಯ ಮುಂದಿನ, ಅಂಚು ನೆಗ್ಗಿದ ತಟ್ಟೆಯ ಮೇಲೆ ಕಣ್ಣು. ಹಿತ್ತಲ ಜಗಲಿಯ ಮೇಲೆ ಸಾಲಾಗಿ ಕೂತು ಉಣ್ಣುತ್ತಿದ್ದೆವು, ಏಕೆಂದರೆ ಮೀನು ಒಳಗೆ ಬರುವಂತಿರಲಿಲ್ಲ. ಅಜ್ಜಿ ಯಲ್ಲದಕೆರೆಯ ಕುರಿ ಸಾಕುವ ಮನೆಯಿಂದ ಬಂದವಳು. ಕುರಿ ಬೇಯಲಿ, ಕೋಳಿ ಬೇಯಲಿ, ಅಡಿಗೆಮನೆ ಅವಳ ಪಾಲಿಗೆ ಕೆಡುತ್ತಿರಲಿಲ್ಲ, ಆದರೆ ಮೀನಿನ ವಾಸನೆ ಗೋಡೆಗೆ ಹತ್ತುತ್ತದೆ ಎಂದು ಹಟ. ಹಾಗಾಗಿ ಹಿತ್ತಲ ಹೊಂಗೆ ಮರದ ಕೆಳಗೆ ಮೂರು ಕಲ್ಲಿನ ಒಲೆ, ಅಲ್ಲೇ ನೇತುಹಾಕಿದ ಬೇರೆ ಸೌಟು, ಬೇರೆ ಮಡಕೆ. ಹುಣಸೆಹುಳಿ ಹಿಂಡಿ, ಹಸಿ ಕೊಬ್ಬರಿ ಅರೆದು ಹಾಕಿ, ಉರಿಯುವ ಸೌದೆ ಹೊರಗೆಳೆದು ಕೆಂಡದ ಮೇಲೆ ಮಡಕೆ ಬಿಡುತ್ತಿದ್ದಳು ಅವ್ವ. ಬಿಸಿ ಮುದ್ದೆ, ಮೀನಿನ ಸಾರು. ಅಪ್ಪ ತನ್ನ ತಟ್ಟೆಯಲ್ಲಿನ ಮುಳ್ಳು ಬಿಡಿಸಿ ಬಿಳಿ ಹೋಳನ್ನು ಪುಟ್ಟಿಯ ತಟ್ಟೆಗೆ ಹಾಕುತ್ತಿದ್ದ, ಮಾತಾಡುತ್ತ, ನೋಡದೇ, ಕೈಗೆ ರೂಢಿಯಾದ ಹಾಗೆ. ನನ್ನ ತಟ್ಟೆಗೂ ಹಾಕುತ್ತಿದ್ದ. ಆದರೆ ಅದಕ್ಕೆ ಮೊದಲು ನನ್ನ ಮುಖ ನೋಡಿ, "ಹಾಕ್ಲೇನಮ್ಮ?" ಎಂದು ಕೇಳುತ್ತಿದ್ದ. ಆ ಕೇಳುವುದಿದೆಯಲ್ಲ, ಅದೇ ನನಗೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತಿದ್ದದ್ದು.

ಗಾಳದ ಪೆಟ್ಟಿಗೆ ಬಂದದ್ದು ಅಣೆಕಟ್ಟೆಯ ಪಕ್ಕದ ಬಂಗಲೆಯಲ್ಲಿ ಒಂದಷ್ಟು ದಿನ ಇದ್ದುಹೋದ ಕಾಫಿ ತೋಟದ ಸಾಹೇಬನೊಬ್ಬನಿಂದ. ಅವನಿಗೆ ತೆಪ್ಪ ನಡೆಸಿಕೊಟ್ಟವನು ಅಪ್ಪ. ಹೊರಡುವಾಗ ಸಾಹೇಬ ಖುಷಿಯಿಂದ ತನ್ನ ತಗಡಿನ ಪೆಟ್ಟಿಗೆಯನ್ನೂ ದಾರ ಸುತ್ತುವ ರಾಟೆ ಇದ್ದ ಕೋಲನ್ನೂ ಕೊಟ್ಟುಹೋದ. ಪೆಟ್ಟಿಗೆಯೊಳಗೆ ಮರದಲ್ಲಿ ಕೆತ್ತಿ ಬಣ್ಣ ಹಚ್ಚಿದ, ಬೆರಳುದ್ದದ ಸುಳ್ಳು ಮೀನುಗಳು. ಒಂದೊಂದಕ್ಕೂ ಹೊಟ್ಟೆಯ ಕೆಳಗೊಂದು, ಬಾಲಕ್ಕೊಂದು ಗಾಳ. ಒಂದೇ ಕಡ್ಡಿಗೆ ಮೂರು ಮುಳ್ಳು. ಬಾಲದ ಗಾಳಕ್ಕೆ ಸುತ್ತಲೂ ಗರಿ ಕಟ್ಟಿತ್ತು. ನಮ್ಮೂರ ಕಡೆ ಎರೆಹುಳು, ಕಪ್ಪೆಮರಿ ಸಿಕ್ಕಿಸಿ ಹಿಡಿಯುವವರೇ ಎಲ್ಲ. ಮರದ ಮೀನು ಎಸೆದು ಹಾವಿನ ತಲೆಯ ಕೊರಮೀನು ಹಿಡಿಯುವ ಅಪ್ಪನನ್ನು ನೋಡಿ ಮೊದಲು ನಕ್ಕರು, ಆಮೇಲೆ ದಡದಲ್ಲಿ ನಿಂತು ನೋಡತೊಡಗಿದರು. ಗರಿ ಏಕೆ ಬೇಕು ಎಂದು ನಾನು ಕೇಳಿದಾಗ ಅಪ್ಪ ಹೇಳಿದ್ದು ನೆನಪಿದೆ.

"ಎಳೆಯೋದು ನಿಲ್ಸಿದ್ರೆ ಮರದ ಮೀನು ಸತ್ತಂಗೆ ನಿಂತ್ಕಂತೈತೆ. ಕೊರಮೀನು ಕಳ್ಳ ನನ್ಮಗಂದು, ಸತ್ತಿದ್ದು ಮುಟ್ಟಲ್ಲ. ಗರಿ ಇದ್ರೆ ನೀರಾಗೆ ಬಿಚ್ಕಂತೈತೆ, ಮುಚ್ಕಂತೈತೆ. ಉಸಿರಾಡಂಗೆ. ಆವಾಗ ಬಂದು ಹೊಡಿತೈತೆ ನೋಡು, ತೆಪ್ಪನೇ ತಿರುಗಬೇಕು."

ಕೊರಮೀನಿನ ಹಲ್ಲಿಗೆ ಗರಿ ಉಳಿಯುತ್ತಿರಲಿಲ್ಲ. ನಾಲ್ಕಾರು ಮೀನು ಕಚ್ಚಿದರೆ ಗಾಳ ಬೋಳಾಗುತ್ತಿತ್ತು. ಆದ್ದರಿಂದ ಸೋಮವಾರದ ಕೆಲಸ. ಇಕ್ಕಳದಲ್ಲಿ ಗಾಳವನ್ನು ಕಚ್ಚಿಸಿ, ಇಕ್ಕಳದ ಹಿಡಿಗೆ ಸೈಕಲ್ ಟ್ಯೂಬಿನ ತುಂಡು ಬಿಗಿದು ಮಣೆಗೆ ಕಟ್ಟುತ್ತಿದ್ದರು. ಅವ್ವನ ಹಳೇ ಸೀರೆಯ ಅಂಚಿನಿಂದ ಎಳೆದ ರೇಷ್ಮೆ ದಾರಕ್ಕೆ ಜೇನುಮೇಣ ತಿಕ್ಕಿ, ಹುಂಜದ ಕುತ್ತಿಗೆಯ ಸಣ್ಣ ಉದ್ದ ಗರಿಗಳನ್ನು ಒಂದೊಂದಾಗಿ ಇಟ್ಟು ಸುತ್ತುವುದು. ಗರಿಯ ಬೆನ್ನು ಒಳಗೆ, ಹೊಟ್ಟೆ ಹೊರಗೆ ಬರಬೇಕು, ಆಗ ಹೊರಕ್ಕೆ ಬಾಗಿ ನೀರಿನಲ್ಲಿ ಅರಳುತ್ತದೆ. ತಿರುವುಮುರುವಾದರೆ ಮಡಚಿದ ಕೊಡೆಯಂತೆ ಮುದುಡಿಕೊಳ್ಳುತ್ತದೆ. ಕೊನೆಗೆ ಗಂಟಿನ ಮೇಲೆ ಒಂದು ತೊಟ್ಟು ವಾರ್ನಿಷ್. ಅಪ್ಪನ ಬೆರಳು ತೂಬಿನ ಚಕ್ರ ತಿರುಗಿಸಿ ತಿರುಗಿಸಿ ದಪ್ಪವಾಗಿದ್ದವು, ಗರಿ ಜಾರುತ್ತಿತ್ತು. ಪುಟ್ಟಿಯ ಬೆರಳು ಕಡ್ಡಿಯಂತೆ. ಅವಳು ತುಟಿ ಕಚ್ಚಿಕೊಂಡು ದಾರ ಸುತ್ತುವಾಗ ಅಪ್ಪ ಉಸಿರು ಬಿಗಿಹಿಡಿದು ಅವಳ ಕೈಯನ್ನೇ ನೋಡುತ್ತಿದ್ದ. ನನ್ನ ಪ್ರೋಗ್ರೆಸ್ ರಿಪೋರ್ಟನ್ನು ಅವನು ಹಾಗೆ ನೋಡಿದ್ದು ನಾನು ಕಾಣೆ.

ನನ್ನ ಹತ್ತಿರ ಇದ್ದದ್ದು ಇಂಗ್ಲಿಷ್. ಅದಕ್ಕೂ ಒಮ್ಮೆ ಚಾನ್ಸ್ ಬಂತು. ಪೆಟ್ಟಿಗೆಯ ಮುಚ್ಚಳದ ಮೇಲೆ ಅಗಲ ಬಾಯಿಯ ಒಂದು ಮೀನಿನ ಚಿತ್ರ, ಅದರ ಕೆಳಗೆ ಒಂದು ಸಾಲು.

"ಇಲ್ಲೇನು ಬರ್ದೈತೆ ಓದಮ್ಮ" ಎಂದ ಅಪ್ಪ.

"ಫಾರ್ ಬಾಸ್" ಎಂದೆ.

"ಬಾಸ್ ಅಂದ್ರೆ?"

ನನಗೆ ಗೊತ್ತಿರಲಿಲ್ಲ. ಹಾಸ್ಟೆಲಿಗೆ ವಾಪಸಾದವಳು ಲೈಬ್ರರಿಯ ದಪ್ಪ ಡಿಕ್ಷನರಿಗೆ ಸಿಸ್ಟರ್ ಪರ್ಮಿಷನ್ ಕೇಳಿ, ಹುಡುಕಿ, ಮುಂದಿನ ರಜೆಯವರೆಗೆ ಆ ಅರ್ಥವನ್ನು ಬಾಯಲ್ಲಿ ಪೆಪ್ಪರ್‌ಮೆಂಟ್ ಇಟ್ಟುಕೊಂಡ ಹಾಗೆ ಇಟ್ಟುಕೊಂಡು ಬಂದೆ. ಬಸ್ಸಿಳಿದು, ಕೈಕಾಲು ತೊಳೆಯುವ ಮುಂಚೆ ಹೇಳಿದೆ.

"ಅಪ್ಪ, ಬಾಸ್ ಅಂದ್ರೆ ಒಂದು ಥರದ ಮೀನು."

ಅಪ್ಪ ಮುಚ್ಚಳದ ಮೇಲಿನ ಮೀನಿನ ಚಿತ್ರವನ್ನು ನೋಡಿ, "ಹೌದಾ" ಎಂದ. ಪುಟ್ಟಿ ಬಿದ್ದು ಬಿದ್ದು ನಕ್ಕಳು.

"ನಗಬ್ಯಾಡ ಕಣೇ. ಅಕ್ಕ ಓದ್ಕಂಡು ಬಂದವ್ಳೆ" ಎಂದು ಅಪ್ಪ ಅವಳ ತಲೆಗೆ ಮೊಟಕಿದ.

ಅವಳಿಗೆ ಮೊಟಕು, ನನಗೆ ಗೌರವ. ಅದಲುಬದಲು ಮಾಡಿಕೊಳ್ಳಲು ನಾನು ಯಾವ ಕ್ಷಣದಲ್ಲೂ ರೆಡಿ ಇದ್ದೆ.

ಆ ರಜೆಯಲ್ಲೇ ನಾನೂ ಕಟ್ಟುತ್ತೇನೆ ಎಂದು ಕೂತೆ. ಪುಟ್ಟಿ ಜಾಗ ಬಿಟ್ಟುಕೊಟ್ಟಳು, ದಾರ ಹಿಡಿಯುವುದನ್ನು ತೋರಿಸಿದಳು, ಅವಳು ತೋರಿಸಿಕೊಟ್ಟದ್ದಕ್ಕೇ ನಾನು ಅವಳ ಕೈಯಿಂದ ದಾರ ಕಿತ್ತುಕೊಂಡೆ. ಬಿಗಿಯಾಗಲಿ ಎಂದು ಜೋರಾಗಿ ಎಳೆದೆ. ಇಕ್ಕಳದಿಂದ ಗಾಳ ಚಿಮ್ಮಿ ಹೆಬ್ಬೆರಳಿಗೆ ಹೊಕ್ಕಿತು. ಗಾಳದ ಮುಳ್ಳಿಗೆ ಹಿಂದಕ್ಕೆ ಬರದಂತೆ ಒಂದು ಕೊಂಡಿ ಇರುತ್ತದೆ, ಎಳೆದರೆ ಮಾಂಸವನ್ನೇ ಕಿತ್ತುಕೊಂಡು ಬರುತ್ತದೆ. ಅಪ್ಪ ಎಳೆಯಲಿಲ್ಲ. ನನ್ನ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಗಾಳವನ್ನು ಮುಂದಕ್ಕೇ ದೂಡಿದ. ಚರ್ಮದಾಚೆ ಬಂದ ಮುಳ್ಳನ್ನು ಕಟಿಂಗ್ ಪ್ಲೇಯರಿನಿಂದ ಕತ್ತರಿಸಿದ, ಉಳಿದದ್ದನ್ನು ಮೆಲ್ಲಗೆ ಹಿಂದಕ್ಕೆ ತೆಗೆದ. ನಾನು ಅಳಲಿಲ್ಲ. ನೋವಾಗಿರಲಿಲ್ಲ ಎಂದಲ್ಲ, ಅಷ್ಟು ಹೊತ್ತು ಅಪ್ಪನ ತೊಡೆಯ ಮೇಲೆ ನನ್ನ ಕೈ ಇತ್ತು. ಅರಿಶಿನ ಮೆತ್ತಿ ಬಟ್ಟೆ ಕಟ್ಟುತ್ತ ಅವನು ಹೇಳಿದ.

"ಇದು ಬರೆಯೋ ಕೈ ಕಣಮ್ಮ. ಇದಕ್ಯಾಕೆ ಈ ಕೆಲ್ಸ."

ಪ್ರೀತಿಯಿಂದಲೇ ಹೇಳಿದ್ದು. ಆ ಮಾತಿನಿಂದ ನಾನು ಕಾಳಿನ ಕೋಣೆಯಿಂದ ಪರ್ಮನೆಂಟಾಗಿ ಹೊರಗಾದೆ. ಇನ್ನು ಉಳಿದದ್ದು ತೆಪ್ಪ. ಬುಟ್ಟಿಯಂಥ ಆ ದುಂಡು ತೆಪ್ಪದಲ್ಲಿ ಅಪ್ಪನ ಜೊತೆ ಇನ್ನೊಬ್ಬರಿಗಷ್ಟೇ ಜಾಗ. ಕೋಲು ಬೀಸುವಾಗ ಮೂರು ಮುಳ್ಳಿನ ಗಾಳ ತಲೆಯ ಮೇಲೆ ಹಾದುಹೋಗುವುದರಿಂದ ಅವನ ಬೆನ್ನಿಗೆ ಬೆನ್ನು ಆನಿಸಿ, ಬಗ್ಗಿ ಕೂರಬೇಕಿತ್ತು, ಮೀನು ಬಿದ್ದರೆ ಕೈಬಲೆ ಒಡ್ಡಬೇಕಿತ್ತು. ಆ ಜಾಗ ಪುಟ್ಟಿಯದು. ಅದೊಂದನ್ನು, ಒಂದೇ ಒಂದು ಸಲ, ನನಗೆ ಕೊಡಿ ಎಂದು ನಾನು ಯಾವ ದೇವರಲ್ಲಿ ಕೇಳಿಕೊಂಡಿಲ್ಲ? ಕಣಿವೆಯ ಗುಡಿಯ ಅಮ್ಮನಿಗೂ ಹೇಳಿದೆ, ಚಾಪೆಲ್‌ನ ಮೇರಿಗೂ ಹೇಳಿದೆ.

ಮುಂದಿನ ವರ್ಷ ನನಗೆ ಹಾಸ್ಟೆಲಿನಲ್ಲಿ ಟೈಫಾಯ್ಡ್ ಆಯಿತು. ಅಪ್ಪ ಬಂದು ಕಂಬಳಿ ಸುತ್ತಿ ಕರೆದುಕೊಂಡು ಬಂದ. ಗಂಜಿ ಕುಡಿದುಕೊಂಡು ನಡುಮನೆಯಲ್ಲಿ ಮಲಗಿದ್ದ ಆ ದಿನಗಳಲ್ಲಿ ನಾನು ಪರಮ ಸುಖಿ. ಸೋಮವಾರ ಬಂದರೂ ಅಪ್ಪ ಕಾಳಿನ ಕೋಣೆಗೆ ಹೋಗುತ್ತಿರಲಿಲ್ಲ. ಜ್ವರ ಇಳಿಯದೆ ಹೋದಾಗ ಅಜ್ಜಿ ಕಣಿವೆಯ ಅಮ್ಮನಿಗೆ ಒಂದು ಹುಂಜ ಹರಕೆ ಕಟ್ಟಿಕೊಂಡಳು. ಜ್ವರ ಇಳಿಯಿತು. ಕಾಲಿಗೆ ಅರಿಶಿನ ದಾರ ಕಟ್ಟಿ ಒಂದು ಕೆಂಪು ಮರಿಹುಂಜವನ್ನು ಬಿಟ್ಟರು, ಬೆಳೆದ ಮೇಲೆ ದಸರಾ ರಜೆಯಲ್ಲಿ ನನ್ನ ಕೈಯಿಂದಲೇ ಮುಟ್ಟಿಸಿ ಒಪ್ಪಿಸುವುದು ಎಂದಾಯಿತು. ಅದನ್ನು ಯಾರೂ ಗದರುವಂತಿರಲಿಲ್ಲ. ಅಡಿಗೆಮನೆಗೆ ನುಗ್ಗಿ ನೆನೆಹಾಕಿದ ಅಕ್ಕಿ ತಿಂದರೂ "ದೊಡ್ಡೋಳ ಹುಂಜ" ಎಂದು ಸುಮ್ಮನಾಗುತ್ತಿದ್ದರು. ನಾನು ಚಿತ್ರದುರ್ಗಕ್ಕೆ ವಾಪಸಾದೆ. ಆ ಮನೆಯಲ್ಲಿ ನನ್ನ ಹೆಸರು ಹಿಡಿದು ಓಡಾಡುವ ಜೀವ ಒಂದಿದೆ ಎಂಬುದೇ ನನಗೆ ದೊಡ್ಡ ಸಮಾಧಾನ. ದಸರಾಕ್ಕೆ ಬಂದು ನೋಡಿದರೆ ಅದರ ಕುತ್ತಿಗೆ ತಾಮ್ರದ ಹೊಸ ಚೊಂಬಿನ ಹಾಗೆ ಹೊಳೆಯುತ್ತಿತ್ತು.

ಆ ಸಲ ಅಪ್ಪ ತಾನಾಗಿಯೇ ಹೇಳಿದ.

"ಭಾನುವಾರ ನಿನ್ನ ಕರ್ಕಂಡು ಹೋಗ್ತೀನಿ ಕಣಮ್ಮ ತೆಪ್ಪಕ್ಕೆ. ಪುಟ್ಟಿ ಮನೇಲಿರ್ಲಿ."

ಪುಟ್ಟಿ, "ಹೂಂ, ಅಕ್ಕ ಹೋಗ್ಲಿ" ಎಂದಳು. ಅಷ್ಟು ಸಲೀಸಾಗಿ. ನಾನಾಗಿದ್ದರೆ ಮೂರು ದಿನ ಮಾತು ಬಿಡುತ್ತಿದ್ದೆ.

ಭಾನುವಾರ ತೆಪ್ಪ, ಮಂಗಳವಾರ ಹರಕೆ. ಶನಿವಾರ ಇಡೀ ದಿನ ನಾನು ಹಿತ್ತಲಲ್ಲಿ ಬಗ್ಗಿ ಕೂರುವುದನ್ನು ಅಭ್ಯಾಸ ಮಾಡಿದೆ. ಸಂಜೆ ಅಜ್ಜಿ ಹುಂಜವನ್ನು ಬುಟ್ಟಿಯ ಕೆಳಗೆ ಮುಚ್ಚಲು ಹಿಡಿದವಳು ಅಲ್ಲೇ ನಿಂತುಬಿಟ್ಟಳು. ಕುತ್ತಿಗೆಯ ಒಂದು ಬದಿ ಬೋಳು. ಗುಲಾಬಿ ಚರ್ಮ ಕಾಣುತ್ತಿತ್ತು.

"ಇದ್ಯಾರು ಮಾಡಿದ್ದು?"

ಅಜ್ಜಿ ಹುಂಜವನ್ನು ಕಂಕುಳಲ್ಲಿ ಇಟ್ಟುಕೊಂಡೇ ಕಾಳಿನ ಕೋಣೆಗೆ ಹೋದಳು. ಮೊಳೆಗೆ ನೇತುಹಾಕಿದ್ದ ಎರಡು ಗಾಳ, ವಾರ್ನಿಷ್ ಇನ್ನೂ ಹಸಿ, ಸುತ್ತಲೂ ತಾಮ್ರದ ಬಣ್ಣದ ಗರಿ. ಅಷ್ಟು ಚಂದದ ಗಾಳ ನಾನು ಆಮೇಲೆ ಎಲ್ಲೂ ನೋಡಿಲ್ಲ, ಅದನ್ನೂ ಹೇಳಬೇಕು. ಪುಟ್ಟಿ ಗೋಡೆಗೆ ಅಂಟಿಕೊಂಡು ನಿಂತಿದ್ದಳು.

"ಅಕ್ಕ ನಾಳೆ ಮೊದಲ್ನೇ ಸಲ ತೆಪ್ಪ ಹತ್ತತಾಳೆ ಅಂತ ಕಟ್ಟಿದೆ ಕಣಜ್ಜಿ. ಅಕ್ಕನ ಹುಂಜದ್ದೇ ಗರಿ ಕಟ್ಟಿದ್ರೆ ಅಕ್ಕಂಗೆ ಮೀನು ಬೀಳ್ತೈತೆ ಅಂತ."

ಅವ್ವನ ಕಣ್ಣಲ್ಲಿ ನೀರು ಬಂತು. ಅಪ್ಪ ಹುಂಜದ ಕುತ್ತಿಗೆ ಸವರಿ ನಗುತ್ತ ಅಜ್ಜಿಯ ಜೊತೆ ರಾಜಿಗೆ ನೋಡಿದ.

"ಹೋಗ್ಲಿ ಬಿಡವ್ವ, ಮಗು ಗೊತ್ತಿಲ್ದೆ ಮಾಡೈತೆ. ಹೆಂಗೂ ಮಂಗಳವಾರ ಕುಯ್ಯೋದೇ ಅಲ್ವಾ."

"ಕುಯ್ಯೋದು ಬ್ಯಾರೆ, ಕೀಳೋದು ಬ್ಯಾರೆ" ಎಂದಳು ಅಜ್ಜಿ. "ಊನ ಆದದ್ದನ್ನ ತಗಂಡು ಹೋಗಿ ಅಮ್ಮನ ಮುಂದೆ ಹೆಂಗೆ ನಿಂತ್ಕಳ್ಳಿ ನಾನು? ಇನ್ನೊಂದು ಮರಿ ಬಿಡಬೇಕು, ಅದು ಬೆಳೀಬೇಕು, ಅದನ್ನ ಒಪ್ಪಿಸ್ಬೇಕು. ಅಲ್ಲೀವರ್ಗೂ ದೊಡ್ಡೋಳು ನೀರಿನ ಮೇಲೆ ಹೋಗಂಗಿಲ್ಲ."

"ಅದ್ಯಾಕೆ?" ಎಂದ ಅಪ್ಪ.

"ಯಾಕೆ ಅಂತ ನನ್ನ ಕೇಳ್ತೀಯೇನೋ. ಆ ನೀರು ಯಾರ್ದು? ಅಮ್ಮಂದು. ಅವಳಿಗೆ ಬಿಟ್ಟಿದ್ದನ್ನ ಕಿತ್ತು ಗಾಳಕ್ಕೆ ಕಟ್ಟಿ, ತೀರದಿರೋ ಹರಕೆ ಮಗೀನೇ ಅವಳ ನೀರಿನ ಮೇಲೆ ಕೂರಿಸ್ತೀಯಾ?"

ಆಗ ನಾನು ಬಾಯಿ ಬಿಟ್ಟೆ. "ಕಿತ್ತಿದ್ದು ಅವಳು. ನನಗ್ಯಾಕೆ ಪನಿಷ್‌ಮೆಂಟು?"

"ಅವಳು ಕಿತ್ತೋಳು ಅಷ್ಟೇ ಕಣವ್ವ. ಹರಕೆ ನಿಂದು."

"ದಟ್ ಈಸ್ ನಾಟ್ ಫೇರ್" ಎಂದೆ.

"ಏನಂದ್ಲು?" ಎಂದು ಅಜ್ಜಿ ಅವ್ವನನ್ನು ಕೇಳಿದಳು.

"ಏನೋ ಇಂಗ್ಲೀಷು ಬಿಡತ್ತೆ" ಎಂದಳು ಅವ್ವ.

ಅಪ್ಪ ನನ್ನ ಕಡೆ ನೋಡಿದ, ಅಜ್ಜಿಯ ಕಡೆ ನೋಡಿದ. ಅವನು ಅಜ್ಜಿಯ ಮಾತು ಮೀರುತ್ತಾನೆ ಎಂದು ಒಂದು ಗಳಿಗೆ ನಂಬಿದ್ದೆ. ಅವನು ಗಾಳಗಳನ್ನು ಮೊಳೆಯಿಂದ ತೆಗೆದು, ಗರಿ ಒಣಗಿದೆಯಾ ಎಂದು ಊದಿ ನೋಡಿದ. ಆ ಊದಿದ್ದರಲ್ಲೇ ನನಗೆ ಗೊತ್ತಾಯಿತು.

"ನಾಳೆ ಒಬ್ಬನೇ ಹೋಗ್ತೀನಿ" ಎಂದ.

ಒಬ್ಬನೇ ಹೋಗಿದ್ದರೆ ನಾನು ಇದನ್ನೆಲ್ಲ ಬರೆಯುತ್ತಿರಲಿಲ್ಲ. ಬೆಳಿಗ್ಗೆ ಹೊರಡುವಾಗ ಬಾಗಿಲಲ್ಲಿ ನಿಂತು ಕೈಬಲೆಯನ್ನು ಎತ್ತಿ ನೋಡಿ, ಯಾರಿಗೋ ಹೇಳುವವನಂತೆ, "ದೊಡ್ಡದು ಬಿದ್ರೆ ಬಲೆ ಹಿಡಿಯಾಕೆ ಯಾರಾದ್ರು ಬೇಕಲ್ಲ" ಎಂದ. ಪುಟ್ಟಿ ನನ್ನ ಮುಖ ನೋಡಿದಳು. ನಾನು ಗೋಡೆ ನೋಡಿದೆ. "ಹೋಗಾಣ ಬಾ" ಎಂದ ಅಪ್ಪ. ಹೋದರು.

ನಾನು ಅಣೆಕಟ್ಟೆ ಹತ್ತಿ ಕೈಪಿಡಿ ಗೋಡೆಗೆ ಎದೆ ಒತ್ತಿ ನಿಂತೆ. ಹಿನ್ನೀರಿನ ಅಂಚಿಗೆ ಜೊಂಡು ಬೆಳೆದ ಕಡೆ ತೆಪ್ಪ ಮಡಕೆ ಮುಚ್ಚಳದಷ್ಟು ಕಾಣುತ್ತಿತ್ತು. ಅದರಲ್ಲಿ ಎರಡು ಬೆನ್ನು. ಅಪ್ಪ ಕೋಲು ಬೀಸಿದಾಗ ಆ ಚಿಕ್ಕ ಬೆನ್ನು ಬಗ್ಗುತ್ತಿತ್ತು, ಮತ್ತೆ ನೆಟ್ಟಗಾಗುತ್ತಿತ್ತು. ಮಾತಿಲ್ಲದೆ, ಹೇಳಿಸಿಕೊಳ್ಳದೆ, ಎಷ್ಟೋ ವರ್ಷದಿಂದ ಮಾಡಿದ ಹಾಗೆ. ದಾರ ಗಾಳಿಯಲ್ಲಿ ಹೊಳೆಯುವುದು ಕಾಣುತ್ತಿತ್ತು, ಮರದ ಮೀನು ಬೀಳುವುದು ಕಾಣುತ್ತಿರಲಿಲ್ಲ. ಈಗ ಎಳೆಯುತ್ತಿದ್ದಾನೆ, ಈಗ ನಿಲ್ಲಿಸಿದ, ಈಗ ನನ್ನ ಹುಂಜದ ಗರಿ ನೀರಿನಲ್ಲಿ ಬಿಚ್ಚಿಕೊಳ್ಳುತ್ತಿದೆ ಎಂದು ಲೆಕ್ಕ ಹಾಕುತ್ತ ನಿಂತಿದ್ದೆ. ಬೀಳದಿರಲಿ ಎಂದು ಬೇಡಿಕೊಂಡೆ. ಬಿತ್ತು. ತೆಪ್ಪ ಗರಗರನೆ ಒಂದು ಸುತ್ತು ತಿರುಗಿತು. ಪುಟ್ಟಿ ಅಂಚಿಗೆ ಬಾಗಿ ಎರಡೂ ಕೈಯಲ್ಲಿ ಬಲೆ ಒಡ್ಡಿದಳು, ಅಪ್ಪ ಒಂದು ಕೈಯಲ್ಲಿ ಕೋಲು ಹಿಡಿದು, ಇನ್ನೊಂದರಲ್ಲಿ ಅವಳು ಜಾರದಂತೆ ಲಂಗದ ನೆರಿಗೆ ಹಿಡಿದುಕೊಂಡಿದ್ದ. ನಾನು ನೋಡಿದ್ದು ಆ ಕೈಯನ್ನು. ಮೀನನ್ನು ನೋಡಲೇ ಇಲ್ಲ.

ಅಪ್ಪನ ತೋಳಿನಷ್ಟು ಉದ್ದದ ಕೊರಮೀನು ಅದು. ಕ್ವಾರ್ಟರ್ಸಿನವರೆಲ್ಲ ಬಂದು ನೋಡಿದರು. ಅಜ್ಜಿ ಮೂಗು ಮುರಿದರೂ ಮಸಾಲೆ ಅರೆಯಲು ತಾನೇ ಕೂತಳು. ಉಣ್ಣುವಾಗ ಅಪ್ಪ ನನ್ನನ್ನು ಕೇಳದೆಯೇ ನಡುವಿನ ದಪ್ಪ ಹೋಳನ್ನು ಹೂವಿನ ತಟ್ಟೆಗೆ ಹಾಕಿದ.

"ನಿನ್ನ ಹುಂಜದ ಗರಿಗೆ ಬಿದ್ದಿದ್ದು. ಇದು ನಿಂದೇ ಮೀನು ಕಣಮ್ಮ. ತಿನ್ನು."

ಊಟ ಬಿಟ್ಟು ಎದ್ದು ಹೋಗಿದ್ದರೆ ಕತೆಗೆ ಚೆನ್ನಾಗಿರುತ್ತಿತ್ತೇನೋ. ನಾನು ತಿಂದೆ. ಬಹಳ ರುಚಿಯಾಗಿತ್ತು. ಎರಡನೇ ಸಲ ಸಾರು ಬಡಿಸಿಕೊಂಡೆ. ಪುಟ್ಟಿ ನನ್ನ ಪಕ್ಕಕ್ಕೆ ಸರಿದು ಕೂತು, "ಚೆನ್ನಾಗೈತಾ ಅಕ್ಕ?" ಎಂದಳು. ಅವಳು ಬೇಕೆಂದೇ ಮಾಡಿದ್ದಳಾ ಎಂದು ಬಹಳ ವರ್ಷ ನಾನು ಕೇಸು ನಡೆಸಿದ್ದೇನೆ. ಬೇಕೆಂದೇ ಮಾಡಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು. ಅವಳೂ ನನ್ನಂಥವಳೇ ಎಂದು ತಬ್ಬಿಕೊಳ್ಳಬಹುದಿತ್ತು. ಆದರೆ ಅವಳು ನನಗಾಗಿಯೇ ಮಾಡಿದ್ದಳು. ಒಳ್ಳೆಯತನದಲ್ಲಿ ಕೂಡ ಅವಳೇ ಮುಂದೆ.

ಹೊಸ ಮರಿ ಬಿಟ್ಟರು. ಹಳೇ ಹುಂಜವನ್ನು ಒಪ್ಪಿಸುವಂತಿಲ್ಲ, ಕುಯ್ದು ತಿನ್ನುವಂತೆಯೂ ಇಲ್ಲ, ಹರಿಯಬ್ಬೆಯ ನೆಂಟರ ಮನೆಗೆ ಕೊಟ್ಟರು. ಹೊಸದು ಬೆಳೆಯುವುದರೊಳಗೆ ಅಪ್ಪನಿಗೆ ಹೊಸದುರ್ಗದ ಆಫೀಸಿಗೆ ವರ್ಗವಾಯಿತು. ಅಲ್ಲಿ ಟೇಬಲ್ಲು, ಕುರ್ಚಿ, ಫ್ಯಾನು, ನೀರಿಲ್ಲ. ತೆಪ್ಪವನ್ನು ಯಾರಿಗೋ ಕೊಟ್ಟುಬಂದ. ಹರಕೆ ತೀರಿಸಲು ನಾವೆಲ್ಲ ಬಸ್ಸಿನಲ್ಲಿ ಕಣಿವೆಗೆ ಹೋದೆವು, ನಾನು ಹುಂಜ ಮುಟ್ಟಿ ಕೈ ಮುಗಿದೆ. "ಇನ್ನು ನೀನು ಎಲ್ಲಿಗೆ ಬೇಕಾದ್ರು ಹೋಗವ್ವ" ಎಂದಳು ಅಜ್ಜಿ. ಸಂಜೆಯ ಬಸ್ಸಿಗೆ ವಾಪಸು ಬಂದೆವು.

ಪುಟ್ಟಿ ಈಗ ಹೊಸದುರ್ಗದಲ್ಲೇ ಇದ್ದಾಳೆ, ಮತ್ತೋಡಿನ ಕಡೆ ಹೋಗುವ ರಸ್ತೆಯ ಮನೆ. ಈಗ ನಾವಿಬ್ಬರೂ ಒಂಟಿ, ಇಬ್ಬರಿಗೂ ಮಂಡಿನೋವು. ಕಳೆದ ಸಲ ಹೋದಾಗ ಅವಳು ಮೊರದಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದಳು, ನಾನೂ ಕೂತೆ. ಇಷ್ಟು ವರ್ಷ ಕೇಳದೆ ಇದ್ದದ್ದನ್ನು, ಕಾಳಿನ ಮೇಲೆ ಕಣ್ಣಿಟ್ಟುಕೊಂಡು, ಕ್ಯಾಶುಯಲ್ ಆಗಿ ಕೇಳಿದೆ.

"ತೆಪ್ಪದಲ್ಲಿ ಅಪ್ಪ ಏನು ಮಾತಾಡ್ತಿದ್ದ?"

"ಯಾವ ತೆಪ್ಪ?" ಎಂದಳು. ಆಮೇಲೆ, "ಅಯ್ಯೋ, ಅದಾ. ಏನು ಮಾತಾಡ್ತಿದ್ದ ಅಕ್ಕ, ಏನೇನೋ."

"ಏನೇನೋ ಅಂದ್ರೆ?"

"ಬಾಯಾಗೆ ಏನೋ ಗುನುಗೋನು. ಬೆನ್ನಿಗೆ ಬೆನ್ನು ತಾಗ್ಸಿ ಕುಂತಿರ್ತಿದ್ನಲ್ಲ, ಅವನು ಗುನುಗಿದ್ರೆ ನನ್ನ ಬೆನ್ನಾಗೆ ಗುಂಯ್ ಅನ್ನೋದು."

"ಆಮೇಲೆ?"

"ಬಿಸ್ಲು ಬಂದ್ರೆ ಹೆಗಲ ಮೇಲಿನ ಟವೆಲ್ ನೀರಿಗೆ ಅದ್ದಿ, ಹಿಂಡಿ, ನನ್ನ ತಲೆ ಮೇಲೆ ಹಾಕೋನು. ತಣ್ಣಗೆ ಕಿವಿ ಹತ್ರ ನೀರಿಳಿಯೋದು."

"ಆಮೇಲೆ?"

"ಕಡ್ಲೆಕಾಯಿ ಬೀಜ ಸುಲ್ದು ಹಿಂದಕ್ಕೆ ಕೈ ಚಾಚೋನು. ನಾನು ತಗಳದು. ತಿರುಗಿ ನೋಡ್ತಾನೇ ಇರ್ಲಿಲ್ಲ."

ಒಂದೊಂದಾಗಿ ಕೇಳಿ ಪಡೆದುಕೊಂಡೆ. ಒಂದೊಂದೂ ಒಳಗೆ ಹೋಗಿ ಉರಿಯಿತು, ಆದರೂ ಇನ್ನೂ ಬೇಕಿತ್ತು. ನಮ್ಮಿಬ್ಬರ ಮುಂದೆ ಸಿಪ್ಪೆಯ ರಾಶಿ ಬೆಳೆಯಿತು.

"ಆಮೇಲೆ?" ಎಂದೆ.

ಪುಟ್ಟಿ ಮೊರ ಕೊಡವಿದಳು. ಅವಳ ತುಟಿಯ ಅಂಚಿನಲ್ಲಿ ಏನೋ ಒಂದು ಬಂದು ಹೋಯಿತು.

"ಅಷ್ಟೇ ಕಣಕ್ಕ. ಇನ್ನೇನಿಲ್ಲ."

ಇದೆ. ಇನ್ನೂ ಇದೆ ಎಂದು ನನಗೆ ಗೊತ್ತು. ಅವಳು ಎಷ್ಟೇ ಒಳ್ಳೆಯವಳಾದರೂ ಎಲ್ಲವನ್ನೂ ಕೊಟ್ಟುಬಿಡುವಷ್ಟು ಅಲ್ಲ. ನಾನು ಮತ್ತೆ ಕೇಳಲಿಲ್ಲ. ಅವಳ ಜಾಗದಲ್ಲಿ ನಾನಿದ್ದರೂ ಒಂದನ್ನು ಉಳಿಸಿಕೊಳ್ಳುತ್ತಿದ್ದೆ.